ಒಂದಿಂಚೂ ಇಳಿಯದ ಹಳ್ಳ

ಮದುವೆಯಾಗಿ ಮೂವತ್ತೊಂದು ವರ್ಷ ಕಳೆದ ಮೇಲೂ ಒಬ್ಬ ಮನುಷ್ಯನನ್ನು ಇಡೀ ಬೀದಿ "ಅಳಿಯಂದಿರು" ಎಂದೇ ಕರೆಯುತ್ತದೆಂದರೆ ಅವನ ಹೊಟ್ಟೆ ಎಷ್ಟು ಉರಿಯಬೇಡ, ನೀವೇ ಹೇಳಿ. ಹೆಂಡತಿಯ ಕಡೆಯವರು ಕರೆದರೆ ಸರಿ. ಹಾಲಿನವನು, ಪಕ್ಕದಂಗಡಿಯ ದರ್ಜಿ, ದಾರಿ ಕೇಳಲು ನಿಂತ ಪರವೂರಿನವನು ಕೂಡ "ಅಳಿಯಂದಿರೇ" ಎಂದರೆ? ಕಾರಣ ಇಷ್ಟೇ. ಬೀದಿಯ ಮೂಲೆಯಲ್ಲಿರುವ ಫೋಟೋ ಸ್ಟುಡಿಯೋ ಅವರ ಮಾವನವರದು. ಮಾವನವರು ಕಟ್ಟಿದ್ದು, ಮಾವನವರು ಹೆಸರು ಮಾಡಿದ್ದು. ಅಳಿಯಂದಿರು ಬರೀ ನೋಡಿಕೊಳ್ಳುವವರು. ಮಾವನವರಿಗೆ ಈಗ ಎಂಬತ್ತೆಂಟು. ಇವತ್ತಿಗೂ ಹನ್ನೊಂದಕ್ಕೆ ಬಂದು ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಒಳಗೆ ಬಂದವರಿಗೆಲ್ಲ "ನನ್ನ ಸ್ಟುಡಿಯೋ, ಬನ್ನಿ" ಎನ್ನುತ್ತಾರೆ. ಅದಾದ ಮೇಲೆ ಸಾಯಂಕಾಲದವರೆಗೆ ತೂಕಡಿಸುತ್ತಾರೆ.

ಸ್ಟುಡಿಯೋ ದೊಡ್ಡದೇನಲ್ಲ. ಮುಂದೆ ಗಾಜಿನ ಕೌಂಟರು, ಒಳಗೆ ಬಿಳಿ ಛತ್ರಿ ಹೊತ್ತ ಎರಡು ದೀಪ, ಹಿಂದಿನ ಗೋಡೆಗೆ ಒಂದು ಹಲಗೆಯ ಕಟ್ಟೆ, ಅದರ ಹಿಂದೆ ಪರದೆ. ಪರದೆ ಮಾವನವರು ಹರೆಯದಲ್ಲಿ ತಮ್ಮ ಕೈಯಾರೆ ಬರೆದದ್ದು. ಬಳುಕಿ ತಿರುಗುವ ಒಂದು ಹಳ್ಳ, ಅದಕ್ಕೊಂದು ಮರದ ಸೇತುವೆ, ದಡದಲ್ಲಿ ಭಾರಿ ಮರ, ನೀರಿನ ನಡುವೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಒಂದು ಕಲ್ಲು, ಕಲ್ಲಿನ ಎಡಕ್ಕೆ ಜೋಡಿ ಹಂಸ. ಊರಿನ ಮುಕ್ಕಾಲು ಪಾಲು ಜನ ಹುಟ್ಟಿದಾಗ, ಪಾಸಾದಾಗ, ಮದುವೆಯಾದಾಗ ಈ ಕಟ್ಟೆ ಹತ್ತಿ, "ಸ್ವಲ್ಪ ನಗಿ, ಅಲ್ಲಾಡಬೇಡಿ" ಎಂದು ಹೇಳಿಸಿಕೊಂಡವರೇ. ಮಳೆಗಾಲದಲ್ಲಿ ಕಟ್ಟೆಯ ಹಲಗೆ ಒದ್ದೆಯಾಗಿ ಕಿರುಗುಟ್ಟುತ್ತದೆ. ಅದಕ್ಕಾಗಿ ಅಳಿಯಂದಿರು ಮೂವತ್ತೊಂದು ವರ್ಷದಿಂದ ದರ್ಜಿಯ ಸೋರುವ ನಲ್ಲಿಯನ್ನು ಬೈಯುತ್ತ ಬಂದಿದ್ದಾರೆ. ಸ್ಟುಡಿಯೋದ ಬೆನ್ನಿಗೇ ಹರಿಯುವ ಕರಿ ಮೋರಿಯನ್ನು ಮಾತ್ರ ಯಾರೂ ಬೈಯುವುದಿಲ್ಲ, ಅದರ ವಾಸನೆ ಎಲ್ಲರಿಗೂ ಒಗ್ಗಿಹೋಗಿದೆ.

ಇಂಥ ಬೀದಿಗೆ ಒಂದು ಯೋಜನೆ ಬಂತು. ನಗರದ ಕಾಡು ಮತ್ತು ಹಳ್ಳಗಳ ಪುನಶ್ಚೇತನ ಯೋಜನೆ. ಊರು ಬೆಳೆದು ನುಂಗಿಹಾಕಿದ ಹಳೆಯ ಹಳ್ಳವನ್ನು ಹುಡುಕಿ, ಅದರ ಮೇಲೆ ಕೂತ ಕಟ್ಟಡಗಳನ್ನು ತೆಗೆದು, ನೀರು ಹರಿಸಿ, ದಡದುದ್ದಕ್ಕೂ ಕಾಡು ಬೆಳೆಸುವುದು ಅದರ ಕೆಲಸ. ಒಳ್ಳೆಯ ಕೆಲಸವೇ. ಆದರೆ ಹಳ್ಳ ಎಲ್ಲಿತ್ತು, ಹೇಗಿತ್ತು ಎನ್ನುವುದಕ್ಕೆ ಕಚೇರಿಯಲ್ಲಿ ಇದ್ದ ಒಂದೇ ನಕ್ಷೆಯನ್ನು ಗೆದ್ದಲು ತಿಂದಿತ್ತು. ಹಳ್ಳ ಕಾಣುವ ಹಳೆಯ ಫೋಟೋ ಇದ್ದರೆ ದಯವಿಟ್ಟು ಕೊಡಿ ಎಂದು ಯೋಜನೆಯವರು ಮನೆಮನೆಗೆ ಚೀಟಿ ಹಂಚಿದರು. ಮೊಮ್ಮಕ್ಕಳು ಟ್ರಂಕು ಕೆದಕಿದರು. ಅಜ್ಜನ ಬೆನ್ನ ಹಿಂದೆ ಹಳ್ಳ ಕಂಡದ್ದೇ ತಡ, ತಂದು ಕೊಟ್ಟುಬಿಟ್ಟರು.

ಹೀಗೆ ಒಂದು ದಿನ ನಲವತ್ತಮೂರು ಫೋಟೋಗಳ ಫೈಲು ಹಿಡಿದು ಯೋಜನೆಯ ಇಂಜಿನಿಯರ್ ಮೇಡಂ ಸ್ಟುಡಿಯೋಕ್ಕೆ ಬಂದರು. ವಯಸ್ಸು ಚಿಕ್ಕದು, ಬೂಟು ದೊಡ್ಡದು, ಕೆಲಸದ ಮೇಲೆ ಪ್ರಾಣ. ಹುಟ್ಟಿದಾಗಿನಿಂದ ಮೊಬೈಲಿನಲ್ಲೇ ಫೋಟೋ ತೆಗೆಸಿಕೊಂಡು ಬೆಳೆದವರು, ಬರೆದ ಪರದೆಯ ಮುಂದೆ ಎಂದೂ ನಿಂತವರಲ್ಲ. ಅವರ ಹಿಂದೆ ಮೂರು ಕಾಲಿನ ಯಂತ್ರ ಹೊತ್ತ ಸರ್ವೇಯರ್.

"ಸಾರ್, ಎಲ್ಲಾ ಫೋಟೋದ ಹಿಂದೇನೂ ನಿಮ್ಮ ಸ್ಟುಡಿಯೋ ಮುದ್ರೆ ಇದೆ. ಇವನ್ನ ನೀವೇ ತೆಗೆದದ್ದಾ?"

ಅವುಗಳಲ್ಲಿ ಮೂವತ್ತೈದು ಅಳಿಯಂದಿರ ಮದುವೆಗೆ ಮೊದಲಿನವು, ಆರು ಅವರು ಹುಟ್ಟುವುದಕ್ಕೂ ಮೊದಲಿನವು. ಆದರೆ "ನೀವೇನಾ" ಎಂದು ಈ ಅಂಗಡಿಯಲ್ಲಿ ಯಾರಾದರೂ ಅವರ ಮುಖ ನೋಡಿ ಕೇಳಿದ್ದು ಇದೇ ಮೊದಲು. ಅವರು ಓರೆಗಣ್ಣಿನಲ್ಲಿ ಬೆತ್ತದ ಕುರ್ಚಿ ನೋಡಿದರು. ಮಾವನವರ ಗದ್ದ ಎದೆಗೆ ತಾಗಿತ್ತು.

"ನಾನೇ ಮೇಡಂ. ಎಲ್ಲಾ ನಾನೇ."

ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತರು. "ಸಾರ್, ನಾನು ಹದಿನೆಂಟು ಹಳ್ಳ ನೋಡಿದೀನಿ, ಇಂಥದ್ದು ನೋಡಿಲ್ಲ. ಇಲ್ನೋಡಿ, ಇವರು ಅಜ್ಜ ಅಜ್ಜಿ. ಇಪ್ಪತ್ತೈದು ವರ್ಷ ಆದ್ಮೇಲೆ ಅದೇ ಜಾಗದಲ್ಲಿ ಅವರ ಮಗ. ನೀರಿನ ಮಟ್ಟ ಒಂದಿಂಚೂ ಇಳಿದಿಲ್ಲ."

ಹಳ್ಳ ನಿಜವೆಂದು ಇವರು ನಂಬಿಬಿಟ್ಟಿದ್ದಾರೆ ಎಂದು ಅಳಿಯಂದಿರಿಗೆ ಹೊಳೆದದ್ದು ಆಗ. ಪರದೆ ಇದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಪಾಸ್‌ಪೋರ್ಟ್ ಫೋಟೋಗೆಂದು ಅದರ ಮೇಲೊಂದು ಬಿಳಿ ಬಟ್ಟೆ ಇಳಿಬಿಟ್ಟಿತ್ತು, ಅಷ್ಟೇ. ಬಟ್ಟೆ ಎತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೇಡಂ ಅವರನ್ನು ಎಷ್ಟು ಗೌರವದಿಂದ ನೋಡುತ್ತಿದ್ದರೆಂದರೆ, ಕೈ ಏಳಲಿಲ್ಲ.

"ಇಳಿಯಲ್ಲ ಮೇಡಂ," ಎಂದರು. ಇದಂತೂ ಅಪ್ಪಟ ಸತ್ಯ.

"ಬೇಸಿಗೇಲೂ?"

"ಯಾವ ಕಾಲಕ್ಕೂ."

"ಈ ಹಂಸಗಳು ಎಲ್ಲದರಲ್ಲೂ ಕಲ್ಲಿನ ಎಡಗಡೆಗೇ ಇವೆಯಲ್ಲ?"

"ಅವಕ್ಕೆ ಆ ಜಾಗ ಅಭ್ಯಾಸ ಆಗಿತ್ತು."

"ನೆರಳಿನ ಲೆಕ್ಕ ಹಾಕಿದ್ರೆ ನಲವತ್ತಮೂರು ಫೋಟೋನೂ ಬೆಳಗ್ಗೆ ಒಂಬತ್ತೂವರೆಗೇ ತೆಗೆದದ್ದು."

"ನಾನು ಶಿಸ್ತಿನ ಮನುಷ್ಯ ಮೇಡಂ," ಎಂದರು ಅಳಿಯಂದಿರು. ಹತ್ತೂವರೆಗೆ ಮೊದಲು ಅಂಗಡಿಯ ಬಾಗಿಲು ತೆಗೆದ ದಾಖಲೆ ಅವರ ಜನ್ಮದಲ್ಲಿ ಇರಲಿಲ್ಲ.

ಮೇಡಂ ಎದ್ದು ನಿಂತರು. "ಹಾಗಾದ್ರೆ ಆ ಹಳ್ಳಾನ ಕಣ್ಣಾರೆ ಕಂಡು ಉಳಿದಿರೋರು ಈ ಊರಲ್ಲಿ ನೀವೊಬ್ಬರೇ. ನೀವೇ ನಮ್ಮ ಮುಖ್ಯ ಸಾಕ್ಷಿ."

"ನನ್ನ ಸ್ಟುಡಿಯೋ, ಬನ್ನಿ," ಎಂದರು ಮಾವನವರು ನಿದ್ದೆಗಣ್ಣಿನಲ್ಲಿ.

ಮುಂದಿನ ತಿಂಗಳು ನಡೆದದ್ದನ್ನು ನೋಡಿ ಅಳಿಯಂದಿರು ಬೆಚ್ಚಿಬಿದ್ದರು. ಫೋಟೋಗಳನ್ನು ಪಕ್ಷಿತಜ್ಞರು ನೋಡಿದರು. ಒಂದೇ ಜೋಡಿ ಹಂಸ ನಲವತ್ತು ವರ್ಷ ಮರಿ ಮಾಡದೆ, ಮುಪ್ಪಾಗದೆ ಒಂದೇ ಕಡೆ ಬಾಳಿದ್ದು ತಮ್ಮ ಅನುಭವಕ್ಕೆ ಹೊಸದು ಎಂದು ಬರೆದುಕೊಟ್ಟರು. ಸಸ್ಯತಜ್ಞರು ದಡದ ಮರವನ್ನು ಭೂತಗನ್ನಡಿಯಲ್ಲಿ ನೋಡಿ, ಕಾಂಡ ಒಂದು ಜಾತಿಯದು, ಎಲೆ ಇನ್ನೊಂದರದು, ಇಂಥ ಮರ ಈಗ ಪ್ರಪಂಚದಲ್ಲೆಲ್ಲೂ ಉಳಿದಿಲ್ಲ ಎಂದು ಕಣ್ಣೊರೆಸಿಕೊಂಡರು. ಸಾರ್ವಜನಿಕ ವಾಚನಾಲಯದ ಹಾಲಿನಲ್ಲಿ ಫೋಟೋಗಳ ಪ್ರದರ್ಶನವಾಯಿತು. ಒಳಗೆ ಬರುತ್ತಲೇ ಅಳಿಯಂದಿರ ಭಾವಚಿತ್ರ, ಕೆಳಗೆ "ಹಳ್ಳದ ಕಣ್ಣು" ಎಂಬ ಬಿರುದು.

ಈಗ ಯಾರಾದರೂ ಎದ್ದು "ಏನ್ರೀ ಇದು, ಪರದೆ ಅಲ್ವಾ" ಎಂದುಬಿಡುತ್ತಾರೆ ಎಂದು ಅಳಿಯಂದಿರು ಬೆವೆತು ಕಾದರು. ಯಾರೂ ಎನ್ನಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದನ್ನು ನಂಬದೆ ಇರಲು ಮನುಷ್ಯನಿಗೆ ತುಂಬಾ ಧೈರ್ಯ ಬೇಕು. ಬದಲಿಗೆ ಎಲ್ಲರಿಗೂ ಜ್ಞಾಪಕ ಬರತೊಡಗಿತು.

"ಇದೇ ಕಲ್ಲಿಂದ ಕಾಲು ಜಾರಿ ನಾನು ನೀರಿಗೆ ಬಿದ್ದಿದ್ದೆ," ಎಂದ ದರ್ಜಿ. "ಆರು ವರ್ಷ ನಂಗಾಗ. ಮೂಗಿನೊಳಗೆಲ್ಲಾ ನೀರು."

"ಆ ಸೇತುವೆ ಮೇಲೆ ನಿಂತು ನಾನು ಹಂಸಗಳಿಗೆ ಬ್ರೆಡ್ ಹಾಕ್ತಿದ್ದೆ," ಎಂದರು ಟೀಚರಮ್ಮ. ಬೀದಿಯ ಮೂರು ತಲೆಮಾರಿಗೆ ಅಕ್ಷರ ಕಲಿಸಿ ನಿವೃತ್ತರಾದವರು ಅವರು. ತಪ್ಪು ಹೇಳಿದರೆ ಈಗಲೂ ಎಲ್ಲರ ಕಿವಿ ಹಿಂಡುವವರು. ಅವರೇ ಹೀಗೆಂದ ಮೇಲೆ ಅಳಿಯಂದಿರಿಗೂ, ಇದ್ದರೂ ಇರಬಹುದೇನೋ, ನಾನೇ ಮರೆತಿದ್ದೇನೆ ಎಂದು ಒಂದು ಕ್ಷಣ ಅನ್ನಿಸಿತು.

ಹಳ್ಳ ಹೇಗಿತ್ತು ಎಂದು ಗೊತ್ತಾಯಿತು. ಇನ್ನು ಎಲ್ಲಿತ್ತು ಎಂದು ಗೊತ್ತಾಗಬೇಕಲ್ಲ. ಮೇಡಂ, ಸರ್ವೇಯರ್, ಹಿಂದೊಂದಿಷ್ಟು ಜನ, ಎಲ್ಲರೂ ಸಾಕ್ಷಿಯನ್ನು ಮುಂದೆ ಬಿಟ್ಟುಕೊಂಡು ಹೊರಟರು. ಅಳಿಯಂದಿರು ರಾತ್ರಿಯೆಲ್ಲ ಯೋಚಿಸಿ ಉಪಾಯ ಹೂಡಿದ್ದರು. ಮುಂದಿನ ಬೀದಿಯ ಕೊನೆಗೆ, ಟೀಚರಮ್ಮನ ಮನೆ ದಾಟಿದರೆ, ಕಸ ಸುರಿಯುವ ಖಾಲಿ ಜಾಗವಿದೆ. ಅಲ್ಲಿಗೆ ಕೈ ತೋರಿಸಿದರೆ ಯಾರಿಗೂ ನಷ್ಟವಿಲ್ಲ. ಅವರು ತಿರುವಿನಲ್ಲಿ ಗಂಭೀರವಾಗಿ ನಿಂತು, ಒಂದು ಕಣ್ಣು ಮುಚ್ಚಿ, ಕೈ ಚಾಚಿದರು.

"ಕ್ಯಾಮೆರಾ ಇಲ್ಲಿ. ಹಳ್ಳ ಅಲ್ಲಿ."

"ಇಲ್ಲಿಂದ ಆ ಕಲ್ಲು ಎಷ್ಟು ದೂರ ಸಾರ್?" ಎಂದ ಸರ್ವೇಯರ್ ಪೆನ್ಸಿಲ್ ಹಿಡಿದು.

ಈ ಪ್ರಶ್ನೆಯನ್ನು ಹೊಸ ಲೆನ್ಸು ಕೊಳ್ಳುವಾಗ, ದೀಪ ಜೋಡಿಸುವಾಗ ಅವರಿಗೆ ನೂರು ಸಲ ಯಾರೋ ಕೇಳಿದ್ದರು. ನೂರು ಸಲವೂ ಉತ್ತರ ಒಂದೇ. ಕ್ಯಾಮೆರಾದಿಂದ ಪರದೆಗೆ ಎಷ್ಟು ಅಡಿಯೋ ಅಷ್ಟು.

"ಹದಿನೈದು ಅಡಿ," ಎಂದುಬಿಟ್ಟಿತು ಬಾಯಿ.

ಸರ್ವೇಯರ್ ಟೇಪು ಎಳೆದ. ಹದಿನೈದನೆಯ ಅಡಿ ಟೀಚರಮ್ಮನ ಕಾಂಪೌಂಡಿನೊಳಗೆ, ಅವರ ಹೂವಿನ ಕುಂಡಗಳ ನಡುವೆ ಬಿತ್ತು. ಅಲ್ಲಿಂದ ಹಳ್ಳದ ತಿರುವು ಹಿಡಿದು ಅಳೆದರೆ ನೀರು ನಡುಮನೆಯಲ್ಲಿ ನುಗ್ಗಿ, ಅಡುಗೆಮನೆಯಲ್ಲಿ ಬಳುಕಿ, ಬಚ್ಚಲಿನಿಂದ ಹೊರಬೀಳುತ್ತಿತ್ತು. ಸೇತುವೆ ದೇವರ ಕೋಣೆಯ ಮೇಲೆ. ಸರ್ವೇಯರ್ ಡಬ್ಬಿ ತೆಗೆದು, ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಗುಣಿಸು ಚಿಹ್ನೆ ಎಳೆದ. ಟೀಚರಮ್ಮ ಕೈಯಲ್ಲಿ ನೀರಿನ ಚೆಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಇನ್ನೂ... ಸ್ವಲ್ಪ ಮುಂದೆ ಇರಬಹುದು," ಎಂದರು ಅಳಿಯಂದಿರು.

"ಹದಿನೈದು ಅಡಿ ಸರಿಯಾಗಿದೆ ಸಾರ್. ಫೋಟೋದ ಲೆಕ್ಕಕ್ಕೂ ತಾಳೆ ಆಯ್ತು," ಎಂದ ಸರ್ವೇಯರ್. ಆಗದೆ ಏನು.

ಮನೆಯಲ್ಲಿ ಹೆಂಡತಿ ವಿಷಯ ಕೇಳಿ, ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಕೈಬಿಟ್ಟಳು. "ಅಪ್ಪನ ಪರದೆ ತೋರಿಸಿ ಟೀಚರ್ ಮನೆ ಕೆಡವಿಸ್ತೀರಾ? ನಿಮಗೇನಾದ್ರೂ ತಲೆ ಇದೆಯೇನ್ರೀ?"

"ಹೇಗೆ ಹೇಳ್ಲೇ ಈಗ? ಹಳ್ಳದ ಕಣ್ಣು ಅಂತ ಬೋರ್ಡು ಹಾಕಿದಾರೆ."

"ಆ ಕಣ್ಣಲ್ಲಿ ಟೀಚರ್ ಮುಖ ನೋಡ್ತೀರಾ ನಾಳೆ?"

ನೋಡಬೇಕಾಯಿತು. ಶುಕ್ರವಾರ ಸಂಜೆ ನಾಲ್ಕಕ್ಕೆ ಸಾಕ್ಷಿ ಸಹಿ ಹಾಕಿದರೆ ನಕ್ಷೆ ಕಾಯಂ. ಅವತ್ತು ಮೂರು ಗಂಟೆಗೆ ಟೀಚರಮ್ಮನೇ ಸ್ಟುಡಿಯೋಕ್ಕೆ ಬಂದರು. ಇಸ್ತ್ರಿ ಮಾಡಿದ ಸೀರೆ, ನೀಟಾಗಿ ಬಾಚಿದ ತಲೆ, ಕೈಯಲ್ಲೊಂದು ಅರ್ಜಿ.

"ಪಾಸ್‌ಪೋರ್ಟ್ ಸೈಜು ಎರಡು ಬೇಕಪ್ಪಾ. ಬದಲಿ ಮನೆ ಅರ್ಜಿಗೆ. ಊರಾಚೆ ಐದನೇ ಮಹಡಿ ಅಂತೆ." ಅವರು ಕಟ್ಟೆ ಹತ್ತಿ ಸ್ಟೂಲಿನ ಮೇಲೆ ಕೂತರು. ಹಲಗೆ ಕಿರುಗುಟ್ಟಿತು. "ಕುಂಡಗಳನ್ನ ಬೀದೀಲಿ ಹಂಚಿಬಿಟ್ಟೆ. ಮೇಲಕ್ಕೆ ಹೊತ್ತುಕೊಂಡು ಹೋಗೋಕಾಗಲ್ಲ ಅಲ್ವಾ."

ಅಳಿಯಂದಿರು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡರು. "ಬೇಜಾರಾಯ್ತಾ ಟೀಚರ್?"

"ಆಯ್ತು. ಎರಡು ದಿನ ಅತ್ತೆ. ಆದ್ರೆ ಹಳ್ಳ ಉಳಿಸ್ಬೇಕು, ಮರ ಬೆಳೆಸ್ಬೇಕು ಅಂತ ನಾನೇ ಅಲ್ವಾ ನಿಮಗೆಲ್ಲಾ ಪಾಠ ಮಾಡಿದ್ದು? ನನ್ನ ಮನೆ ಅಡ್ಡ ಬಂತು ಅಂತ ಪಾಠ ಬದಲಾಯಿಸೋಕಾಗುತ್ತಾ." ಅವರು ಸೆರಗು ಸರಿಮಾಡಿಕೊಂಡರು. "ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ. ನೀನು ಹೇಳಿದೀಯ. ನೀನು ಪೆದ್ದ ಇರಬಹುದು, ಸುಳ್ಳು ಹೇಳೋನಲ್ಲ."

"ಸ್ವಲ್ಪ ನಗಿ," ಎಂದರು ಅಳಿಯಂದಿರು ಅಭ್ಯಾಸಬಲದಿಂದ. ಟೀಚರಮ್ಮ ನಕ್ಕರು. ಆ ನಗು ಲೆನ್ಸಿನಲ್ಲಿ ತುಂಬಿ ನಿಂತಿತು. ಬೆರಳು ಗುಂಡಿಯ ಮೇಲೆ ಇತ್ತು, ಒತ್ತಲಾಗಲಿಲ್ಲ. ಅವರು ಕ್ಯಾಮೆರಾ ಬಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿದರು.

ಐದು ನಿಮಿಷದಲ್ಲಿ ಸ್ಟುಡಿಯೋ ತುಂಬಿತು. ನಾಲ್ಕರ ಸಹಿಗೆಂದು ಆಗಲೇ ಬೀದಿಗೆ ಬಂದಿದ್ದ ಮೇಡಂ, ಸರ್ವೇಯರ್, ಇಬ್ಬರು ತಜ್ಞರು, ಜೊತೆಗೆ ದರ್ಜಿ, ಹೆಂಡತಿ, ಬಾಗಿಲಾಚೆ ಅರ್ಧ ಬೀದಿ. ಮಾವನವರು ಕುರ್ಚಿಯಲ್ಲಿ ನಿದ್ದೆ. ಅಳಿಯಂದಿರು ಏನೂ ಪೀಠಿಕೆ ಹಾಕದೆ ಬಿಳಿ ಬಟ್ಟೆಯನ್ನು ಹಿಡಿದು ಎಳೆದರು.

ಹಳ್ಳ ಬಂತು. ಸೇತುವೆ ಬಂತು, ಮರ ಬಂತು, ಎಮ್ಮೆ ಕಲ್ಲು, ಅದರ ಎಡಕ್ಕೆ ಜೋಡಿ ಹಂಸ. ಎಲ್ಲದರ ಮುಂದೆ ಬಾಯಿ ತೆರೆದು ಕೂತ ಟೀಚರಮ್ಮ.

ಪಕ್ಷಿತಜ್ಞರು ಮೆಲ್ಲನೆ ಮುಂದೆ ಬಂದು ಒಂದು ಹಂಸವನ್ನು ಉಗುರಿನಿಂದ ಕೆರೆದರು. ಬಿಳಿ ಬಣ್ಣದ ಚಕ್ಕೆ ಉದುರಿತು. ಅವರು ಗೋಡೆಗೆ ಒರಗಿ ನಿಂತರು.

"ಇದು ಬಟ್ಟೆ," ಎಂದರು ಮೇಡಂ. ಅವರ ದನಿ ಯಾವುದೋ ಬಾವಿಯೊಳಗಿಂದ ಬಂದ ಹಾಗಿತ್ತು.

"ಬಟ್ಟೆ ಮೇಡಂ. ಹಳ್ಳ ಇಲ್ಲ, ಇರಲೂ ಇಲ್ಲ. ಫೋಟೋ ತೆಗೆದದ್ದೂ ನಾನಲ್ಲ, ನಮ್ಮ ಮಾವ. ನೀವು ಸಾರ್ ಅಂದ್ರಿ, ತಲೆ ತಿರುಗಿಹೋಯ್ತು. ತಪ್ಪಾಯ್ತು. ಟೀಚರ್ ಮನೆ ಮುಟ್ಟಬೇಡಿ."

"ಹಂಗಾದ್ರೆ ನಾನು ಬಿದ್ದದ್ದು ಎಲ್ಲಿಗೆ?" ಎಂದ ದರ್ಜಿ. ಅವನ ಗಾಬರಿ ನಿಜವಾದದ್ದು. ಟೀಚರಮ್ಮ ಸ್ಟೂಲಿನಿಂದ ಎದ್ದರು. ಬ್ರೆಡ್ಡಿನ ವಿಷಯ ಯಾರಿಗಾದರೂ ನೆನಪಿದೆಯೇ ಎಂದು ಸುತ್ತ ನೋಡಿ, ಅಳಿಯಂದಿರ ಕಿವಿಯತ್ತ ಕೈ ಚಾಚಿದರು.

"ಯಾರ್ರೀ ಅದು ಹಳ್ಳ ಇರಲಿಲ್ಲ ಅಂದದ್ದು?"

ಎಲ್ಲರೂ ತಿರುಗಿದರು. ಮಾವನವರು ಎಚ್ಚೆತ್ತಿದ್ದರು. ಎಂಬತ್ತೆಂಟರ ಮುದುಕನಿಗೆ ಎಂಥಾ ಸಿಟ್ಟು ಬಂದಿತ್ತೆಂದರೆ, ಬೆತ್ತದ ಕುರ್ಚಿ ಅಲ್ಲಾಡುತ್ತಿತ್ತು. "ಕಾಣದ್ದನ್ನ ನಾನು ಬರೆದೋನಲ್ಲ. ಎದುರಿಗೆ ಕೂತು, ಎರಡು ತಿಂಗಳು ದಿನಾ ಒಂಬತ್ತೂವರೆಗೆ ಬಿಸಿಲು ನೋಡ್ಕೊಂಡು ಬರೆದದ್ದು ಅದು. ಹಂಸ ಒಂದು ಸುಳ್ಳು. ಅಲ್ಲಿದ್ದದ್ದು ಬಾತುಕೋಳಿ. ಮದುವೆ ಫೋಟೋಗೆ ಬಾತುಕೋಳಿ ಚೆನ್ನಾಗಿ ಕಾಣಲ್ಲ ಅಂತ ಕುತ್ತಿಗೆ ಉದ್ದ ಮಾಡಿದೆ. ಎಲೆ ಬರೆಯೋಷ್ಟರಲ್ಲಿ ಹಸಿರು ಬಣ್ಣ ಮುಗೀತು, ಇನ್ನೊಂದು ಮರದ ಹಳದಿ ಎಲೆ ಹಾಕ್ದೆ. ಉಳಿದದ್ದೆಲ್ಲಾ ಇದ್ದದ್ದು ಇದ್ದ ಹಾಗೇ."

ಮೇಡಂ ಎರಡೇ ಹೆಜ್ಜೆಗೆ ಕುರ್ಚಿಯ ಮುಂದೆ ಮಂಡಿಯೂರಿದ್ದರು. "ಎಲ್ಲಿತ್ತು ತಾತ?"

"ಎಲ್ಲಿತ್ತು ಅಂದ್ರೆ? ಇಲ್ಲೇ." ಮಾವನವರು ಕೋಲಿನಿಂದ ನೆಲ ಕುಟ್ಟಿದರು. "ಪರದೆ ಬರೆದು ಮುಗೀತು, ಎಷ್ಟು ಚೆನ್ನಾಗಿ ಬಂತು ಅಂದ್ರೆ, ಇನ್ನು ಆ ಹಳ್ಳ ಯಾಕೆ ಅನ್ನಿಸ್ತು. ನಲವತ್ತು ಗಾಡಿ ಮಣ್ಣು ಹೊಡೆಸಿ, ಮುಚ್ಚಿ, ಮೇಲೆ ಸ್ಟುಡಿಯೋ ಕಟ್ದೆ. ನೀರು ಹಿಂದಕ್ಕೆ ಸರೀತು. ಈಗ ಮೋರಿ ಅಂತೀರಲ್ಲ, ಅದು."

ಅಳಿಯಂದಿರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ಹುಟ್ಟಿ ಬೆಳೆದ ಅಂಗಡಿ ಯಾವುದರ ಮೇಲೆ ಕೂತಿದೆ ಎಂದು ಅವಳಿಗೂ ಇವತ್ತೇ ಗೊತ್ತಾದದ್ದು.

"ಎಮ್ಮೆ ಕಲ್ಲು?" ಎಂದರು ಮೇಡಂ ಪಿಸುಮಾತಿನಲ್ಲಿ.

"ಅದೊಂದು ಒಡೀಲಿಲ್ಲ. ಹೋಗ್ಲಿ, ಜನ ನಿಲ್ಲೋಕೆ ಆಗುತ್ತೆ ಅಂತ ಮೇಲೆ ಹಲಗೆ ಹೊಡ್ದೆ."

ಟೀಚರಮ್ಮ ಕಟ್ಟೆಯಿಂದ ಹಾರಿದ ರಭಸ ಅವರ ವಯಸ್ಸಿಗೆ ಒಪ್ಪುವಂಥದ್ದಲ್ಲ. ಸರ್ವೇಯರ್ ಸಲಾಕೆ ಹಾಕಿ ಹಲಗೆ ಎಬ್ಬಿಸಿದ. ಕೆಳಗೆ ಹಸಿರು ಪಾಚಿ ಮೆತ್ತಿಕೊಂಡು, ಪರದೆಯಲ್ಲಿ ಹೇಗಿತ್ತೋ ಹಾಗೇ, ಎಮ್ಮೆಯ ಬೆನ್ನು ಮಲಗಿತ್ತು. ಊರಿನ ಮೂರು ತಲೆಮಾರು ಅದರ ಮೇಲೇ ನಿಂತು, ಅದರ ಚಿತ್ರದ ಮುಂದೆ ಹಲ್ಲು ಕಿರಿದಿತ್ತು. ಕಲ್ಲಿನ ಬುಡದ ಸಂದಿಯಿಂದ ನೀರು ಜಿನುಗುತ್ತಿತ್ತು. ಕರಿ ನೀರಲ್ಲ, ತಿಳಿ ನೀರು. ಮೇಡಂ ಅಂಗೈ ಒಡ್ಡಿದರು. ಅವರ ಕಣ್ಣು ತುಂಬಿ ಬಂತು.

"ಹಂಗಾದ್ರೆ ಮೂವತ್ತೊಂದು ವರ್ಷ ನನ್ನ ನಲ್ಲಿಗೆ ಬೈದದ್ದು?" ಎಂದ ದರ್ಜಿ.

ಹೊಸದಾಗಿ ಅಳತೆ ನಡೆಯಿತು. ಹಳ್ಳದ ದಾರಿ ಮೋರಿಯನ್ನೇ ಹಿಡಿದು ಹೋಗುತ್ತಿತ್ತು. ಟೀಚರಮ್ಮನ ಮನೆ ಅದಕ್ಕೆ ಇನ್ನೂರು ಅಡಿ ದೂರ. ದರ್ಜಿಯ ಅಂಗಡಿ ದಡ, ಅದಕ್ಕೂ ಭಯವಿಲ್ಲ. ನೀರಿನ ನಟ್ಟನಡುವೆ ಕೂತದ್ದು ಒಂದೇ ಕಟ್ಟಡ. ಸರ್ವೇಯರ್ ಕೆಂಪು ಡಬ್ಬಿ ತೆಗೆದು ಸ್ಟುಡಿಯೋದ ಮುಂಗೋಡೆಯ ಮೇಲೆ ಗುಣಿಸು ಚಿಹ್ನೆ ಎಳೆಯುವುದನ್ನು ಅಳಿಯಂದಿರು ಬರಿಗಾಲಲ್ಲಿ ನಿಂತು ನೋಡಿದರು. ಜನ್ಮದಲ್ಲಿ ಒಂದು ಸಲ ನಿಜ ಹೇಳಿದ್ದಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ಈ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲ.

ಟೀಚರಮ್ಮ ಪಕ್ಕಕ್ಕೆ ಬಂದು ನಿಂತರು. ಈ ಸಲ ಕಿವಿ ಹಿಂಡಲಿಲ್ಲ. "ನಮ್ಮನೆ ಮುಂದಿನ ರೂಮು ಖಾಲಿ ಇದೆ. ಪರದೆ ಅಲ್ಲೇ ಕಟ್ಟು. ಆ ಬ್ರೆಡ್ ವಿಷಯ ಮಾತ್ರ ಇನ್ನು ಎತ್ತಬೇಡ."

ಅಳಿಯಂದಿರು ತಲೆ ಆಡಿಸಿದರು.

"ನೋಟೀಸು ಮಾಲೀಕರ ಕೈಗೇ ಕೊಡ್ಬೇಕು," ಎಂದ ಸರ್ವೇಯರ್ ಕಾಗದ ಹಿಡಿದು. "ಕಟ್ಟಡದ ಮಾಲೀಕರು ಯಾರು?"

ಇಡೀ ಬೀದಿಯ ಕಣ್ಣು ಬೆತ್ತದ ಕುರ್ಚಿಯ ಕಡೆ ಹೊರಳಿತು. ಮಾವನವರು ಕೆಂಪು ಚಿಹ್ನೆ ನೋಡಿದರು, ಕಾಗದ ನೋಡಿದರು, ಕೋಲನ್ನು ನಿಧಾನವಾಗಿ ಎತ್ತಿ ಅಳಿಯಂದಿರತ್ತ ತೋರಿಸಿದರು.

"ಇವರೇ. ಎಲ್ಲಾ ಇವರದೇ. ನಾನು ಸುಮ್ನೆ ಬಂದು ಕೂತ್ಕೋತೀನಿ," ಎಂದು ಕಣ್ಣು ಮುಚ್ಚಿಕೊಂಡರು.

"ಮಾಲೀಕರೇ, ಇಲ್ಲೊಂದು ಸಹಿ," ಎಂದರು ಮೇಡಂ. "ಮಾಲೀಕರಂತೆ, ದಾರಿ ಬಿಡ್ರಪ್ಪಾ," ಎಂದ ದರ್ಜಿ. ಮೂವತ್ತೊಂದು ವರ್ಷ ಕಾದ ಮಾತು ಒಂದೇ ನಿಮಿಷದಲ್ಲಿ ಎರಡು ಸಲ ಕಿವಿಗೆ ಬಿತ್ತು. ಅಳಿಯಂದಿರು ಸಹಿ ಹಾಕಿದರು.

"ಇನ್ನೊಂದೇ ಬಾಕಿ. ದಾಖಲೆಗೆ ಕಟ್ಟಡದ ಮುಂದೆ ಮಾಲೀಕರ ಫೋಟೋ ಬೇಕು." ಸರ್ವೇಯರ್ ಅವರನ್ನು ಕೆಂಪು ಚಿಹ್ನೆಯ ಪಕ್ಕಕ್ಕೆ ಸರಿಸಿ, ಹಿಂದೆ ಹಿಂದೆ ಹೋಗಿ, ಸರಿಯಾಗಿ ಹದಿನೈದು ಅಡಿ ದೂರದಲ್ಲಿ ನಿಂತು ಮೊಬೈಲು ಎತ್ತಿದ.

"ಸ್ವಲ್ಪ ನಗಿ ಸಾರ್," ಎಂದ. "ಅಲ್ಲಾಡಬೇಡಿ."